ಸ್ಟೂಲ್ ಕೊಟ್ಟಿದ್ದೀರಿ, ಕೂರುವ ಜಾಗವನ್ನೂ ಕೊಡಿ

ಕಾಸರಗೋಡು ಜಿಲ್ಲೆಯ ಬಟ್ಟೆ ಅಂಗಡಿಗಳ ಯಜಮಾನರಿಗೆ, ಹಾಗೂ ಅಂಗಡಿಗಳ ತಪಾಸಣೆಗೆ ಬರುವ ಕಾರ್ಮಿಕ ಇಲಾಖೆಯ ಅಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಪೆರ್ಲದ ಕಡೆಯವಳು. ಹನ್ನೊಂದು ವರ್ಷದಿಂದ ಕಾಸರಗೋಡು ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ, ಸೀರೆ ಸೆಕ್ಷನ್ನಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಕೆಲಸ ಹೋಗುವ ಹೆದರಿಕೆ ಇದೆ, ಅದು ನಿಜ. ಆದರೆ ಅದೊಂದೇ ಕಾರಣ ಅಲ್ಲ. ಸಂಜೆ ಬಸ್ಸಲ್ಲಿ ಬದಿಯಡ್ಕಕ್ಕೆ, ಸೀತಾಂಗೋಳಿಗೆ, ಮುಳ್ಳೇರಿಯಕ್ಕೆ ಹೋಗುವ ಬೇರೆ ಬೇರೆ ಅಂಗಡಿಗಳ ಹುಡುಗಿಯರ ಹತ್ತಿರ ಮಾತಾಡಿದರೆ ಎಲ್ಲರದ್ದೂ ಹೆಚ್ಚುಕಡಿಮೆ ಇದೇ ಕಥೆ. ಒಂದು ಅಂಗಡಿಯ ಹೆಸರು ಹೇಳಿದರೆ ಉಳಿದವರೆಲ್ಲ ಇದು ನಮಗೆ ಹೇಳಿದ್ದಲ್ಲ ಎಂದುಕೊಂಡು ಓದಿ ಪಕ್ಕಕ್ಕೆ ಇಟ್ಟುಬಿಡುತ್ತಾರೆ.

ಮೊದಲೇ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನಮ್ಮಲ್ಲಿ ‘ಕೂರಬೇಡಿ’ ಎಂದು ಯಾರೂ ಹೇಳಿಲ್ಲ. ಮೊದಲಾಳಿ, ಅಂದರೆ ಯಜಮಾನರು, ಹೇಳಿಲ್ಲ, ಸೂಪರ್‌ವೈಸರ್ ಹೇಳಿಲ್ಲ, ಗೋಡೆಯಲ್ಲೂ ಎಲ್ಲೂ ಬರೆದಿಲ್ಲ. ಕೇಳಿದರೆ ‘ಸ್ಟೂಲ್ ಉಂಟಲ್ಲ, ಕೂತ್ಕೊಳ್ಳಿ’ ಎನ್ನುತ್ತಾರೆ. ಅದು ಸುಳ್ಳೂ ಅಲ್ಲ. ಆದರೂ ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ, ಊಟದ ಅರ್ಧ ಗಂಟೆ ಬಿಟ್ಟರೆ, ನಾವು ನಿಂತೇ ಇರುತ್ತೇವೆ. ಯಾಕೆ ಎಂದು ತುಂಬ ದಿನ ನನಗೇ ಅರ್ಥ ಆಗಿರಲಿಲ್ಲ. ಈಗ ಅರ್ಥ ಆಗಿದೆ. ಯಜಮಾನರು ಬಾಯಲ್ಲಿ ಹೇಳದೆ ಇರುವುದನ್ನು ಅಂಗಡಿ ಹೇಳುತ್ತದೆ. ಕೌಂಟರಿನ ಎತ್ತರ ಹೇಳುತ್ತದೆ, ಸ್ಟೂಲ್ ಇಟ್ಟ ಜಾಗ ಹೇಳುತ್ತದೆ, ಶೌಚಾಲಯದ ಕೀ ನೇತುಹಾಕಿದ ಆಣಿ ಹೇಳುತ್ತದೆ. ನಾವು ಅದನ್ನೇ ಕೇಳಿ ನಡೆಯುತ್ತೇವೆ.

ಸ್ಟೂಲಿನಿಂದಲೇ ಶುರು ಮಾಡುತ್ತೇನೆ. 2019ರಲ್ಲಿ ನಮ್ಮಲ್ಲಿಗೆ ನಾಲ್ಕು ಸ್ಟೂಲ್ ಬಂತು. ಕೆಂಪು ಬಣ್ಣದ ಪ್ಲಾಸ್ಟಿಕ್ ಸ್ಟೂಲ್, ಮದುವೆ ಮನೆಯಲ್ಲಿ ಅಡುಗೆಯವರು ತರಕಾರಿ ಹೆಚ್ಚಲು ಕೂರುತ್ತಾರಲ್ಲ, ಅಂಥದ್ದು. ಆಗ ಅಂಗಡಿಯಲ್ಲಿ ನಾವು ಇಪ್ಪತ್ತೆರಡು ಹೆಂಗಸರು. ನಾಲ್ಕೂ ಸ್ಟೂಲನ್ನು ಒಂದರೊಳಗೆ ಒಂದು ಹೊಂದಿಸಿ ಗೋಡೌನಿಗೆ ಹೋಗುವ ಬಾಗಿಲಿನ ಹಿಂದೆ ಇಟ್ಟರು. ಈಗಲೂ ಅಲ್ಲೇ ಇವೆ. ಕೂರಬೇಕಾದರೆ ನಾನು ನನ್ನ ಸೆಕ್ಷನ್ ಬಿಟ್ಟು, ಚೂಡಿದಾರ್ ಸೆಕ್ಷನ್ ದಾಟಿ, ಬಿಲ್ಲಿಂಗ್ ಕೌಂಟರಿನ ಎದುರಿಂದಲೇ ಹೋಗಿ, ಅಂಟಿಕೊಂಡ ಸ್ಟೂಲುಗಳನ್ನು ಕಟಕಟ ಎಂದು ಎಳೆದು ಬಿಡಿಸಿ, ಒಂದನ್ನು ಕೈಯಲ್ಲಿ ಹಿಡಿದುಕೊಂಡು ಎಲ್ಲರ ಎದುರು ವಾಪಸ್ ಬರಬೇಕು. ಅಷ್ಟರಲ್ಲಿ ಅಂಗಡಿಯ ಎಲ್ಲರಿಗೂ ಗೊತ್ತಾಗಿರುತ್ತದೆ, ಇವಳಿಗೆ ಇವತ್ತು ಆಗುವುದಿಲ್ಲ ಎಂದು. ಕೂರುವುದು ಸುಸ್ತಾದವಳ ಲಕ್ಷಣ, ಕಾಯಿಲೆಯವಳ ಲಕ್ಷಣ ಆಗಿಬಿಡುತ್ತದೆ. ಹೊಸದಾಗಿ ಸೇರಿದ ಹುಡುಗಿ ಇದನ್ನು ಒಂದೇ ವಾರದಲ್ಲಿ ಕಲಿಯುತ್ತಾಳೆ. ಯಾರೂ ಕಲಿಸಬೇಕಾಗಿಲ್ಲ.

ಅಷ್ಟು ಮಾಡಿ ಸ್ಟೂಲ್ ತಂದು ಕೂತರೂ ಏನಾಗುತ್ತದೆ ನೋಡಿ. ನಮ್ಮ ಕೌಂಟರ್ ಮೂರೂವರೆ ಅಡಿ ಎತ್ತರ ಇದೆ. ಸ್ಟೂಲ್ ಒಂದೂವರೆ ಅಡಿ. ಕೂತರೆ ನನ್ನ ತಲೆ ಮಾತ್ರ ಮೇಲೆ ಕಾಣುತ್ತದೆ. ಬಂದ ಗಿರಾಕಿ ಅತ್ತಿತ್ತ ನೋಡಿ ‘ಇಲ್ಲಿ ಯಾರೂ ಇಲ್ವಾ’ ಎಂದು ಕರೆಯುತ್ತಾರೆ. ನಾನು ಗಡಬಡಿಸಿ ಏಳುತ್ತೇನೆ, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ. ಸೂಪರ್‌ವೈಸರ್ ದೂರದಿಂದ ಒಮ್ಮೆ ನೋಡುತ್ತಾರೆ. ಬೈಯುವುದಿಲ್ಲ. ಆ ನೋಟ ಸಾಕು, ಆ ದಿನ ಮತ್ತೆ ಯಾರೂ ಸ್ಟೂಲ್ ತರಲು ಹೋಗುವುದಿಲ್ಲ.

ಮೊದಲು ಹೀಗಿರಲಿಲ್ಲ. ನಾನು ಸೇರಿದ ಕಾಲಕ್ಕೆ ಸೀರೆಯ ಕಪಾಟು ಮರದ್ದು. ಅದರ ಕೆಳಗಿನ ಹಲಗೆ ಮುಂದಕ್ಕೆ ಅರ್ಧ ಅಡಿಯಷ್ಟು ಚಾಚಿಕೊಂಡಿತ್ತು. ಅದನ್ನು ಮಾಡಿದ ಆಚಾರಿ ಯಾಕೆ ಹಾಗೆ ಮಾಡಿದರೋ, ಅದರಿಂದ ನಮಗೆ ದೊಡ್ಡ ಉಪಕಾರ ಆಗಿತ್ತು. ಗಿರಾಕಿ ಇಲ್ಲದ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಸೀರೆ ಮಡಚುತ್ತಾ ಮಡಚುತ್ತಾ ಅದರ ಮೇಲೆ ಸ್ವಲ್ಪ ಒರಗುತ್ತಿದ್ದೆವು. ಪೂರ್ತಿ ಕೂತ ಹಾಗೂ ಅಲ್ಲ, ನಿಂತ ಹಾಗೂ ಅಲ್ಲ. ಗಿರಾಕಿ ಬಂದರೆ ಒಂದೇ ಕ್ಷಣದಲ್ಲಿ ನೆಟ್ಟಗೆ. ಯಾರಿಗೂ ತೊಂದರೆ ಇರಲಿಲ್ಲ, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕೆಲವು ವರ್ಷದ ಹಿಂದೆ ಅಂಗಡಿಯನ್ನು ಹೊಸದು ಮಾಡಿದರು. ಮರದ ಕಪಾಟು ಹೋಯಿತು, ನೆಲದಿಂದ ಮೇಲಿನವರೆಗೆ ನೇರ ಗಾಜಿನ ರ್‍ಯಾಕ್ ಬಂತು. ನೋಡಲು ತುಂಬಾ ಚಂದ. ಲೈಟ್ ಬಿದ್ದಾಗ ಜರಿ ಹೊಳೆಯುತ್ತದೆ. ಆದರೆ ಗಾಜಿಗೆ ಒರಗಬಾರದು, ಬೆರಳಚ್ಚು ಬೀಳುತ್ತದೆ. ಸಿಮೆಂಟಿನ ನೆಲ ಹೋಗಿ ಕನ್ನಡಿಯ ಹಾಗಿರುವ ಟೈಲ್ಸ್ ಬಂತು. ಆ ನೆಲದ ಮೇಲೆ ಹತ್ತು ಗಂಟೆ ನಿಂತವರಿಗೆ ಮಾತ್ರ ಗೊತ್ತು ಅದು ಎಷ್ಟು ಗಟ್ಟಿ ಎಂದು. ಹಿಮ್ಮಡಿಯಿಂದ ಶುರುವಾದ ನೋವು ಸಂಜೆಗೆ ಸೊಂಟಕ್ಕೆ ಬರುತ್ತದೆ.

ನಮ್ಮ ಸೆಕ್ಷನ್ನಿನಲ್ಲಿ ಒಬ್ಬರು ಅಕ್ಕ ಇದ್ದಾರೆ, ಐವತ್ತು ದಾಟಿದವರು. ಸೀರೆ ಬಂದ ರಟ್ಟಿನ ಪೆಟ್ಟಿಗೆಯನ್ನು ಒಡೆದು, ಚಪ್ಪಟೆ ಮಾಡಿ, ಎರಡು ಪದರ ಹಾಕಿ ಕೌಂಟರಿನ ಒಳಬದಿಯಲ್ಲಿ ಕಾಲಡಿಗೆ ಹಾಸಿಕೊಳ್ಳುತ್ತಿದ್ದರು. ಚಪ್ಪಲಿ ಬಿಚ್ಚಿ ಅದರ ಮೇಲೆ ನಿಂತರೆ ಎಷ್ಟೋ ಹಿತ. ಅವರನ್ನು ನೋಡಿ ನಾವೂ ಹಾಸಿಕೊಂಡೆವು. ಹೊಸ ಅಂಗಡಿ ಆದ ಮೇಲೆ ದಿನಾ ಬೆಳಿಗ್ಗೆ ಗುಡಿಸುವವರು ಆ ರಟ್ಟನ್ನು ಎತ್ತಿಕೊಂಡು ಹೋಗುತ್ತಾರೆ, ಕಾಣಲು ಚೆನ್ನಾಗಿಲ್ಲ ಎಂದು ಹೇಳಿದ್ದಾರಂತೆ. ಆ ಅಕ್ಕ ಸಂಜೆ ಬಸ್ಸಲ್ಲಿ ಸೀಟ್ ಸಿಕ್ಕಿದ ಕೂಡಲೇ ಚಪ್ಪಲಿ ಬಿಚ್ಚುತ್ತಾರೆ. ಪಾದದ ಮೇಲೆ ಚಪ್ಪಲಿಯ ಪಟ್ಟಿ ಕೂತ ಜಾಗ ಹಳ್ಳ ಬಿದ್ದಿರುತ್ತದೆ, ಅದರ ಎರಡೂ ಬದಿ ಊದಿರುತ್ತದೆ. ಬದಿಯಡ್ಕ ಬರುವವರೆಗೂ ಆ ಹಳ್ಳ ಹಾಗೇ ಇರುತ್ತದೆ. ಮೀನಖಂಡದ ಹಿಂದೆ ನೀಲಿ ನರಗಳು ಸುತ್ತಿಕೊಂಡಿವೆ. ಡಾಕ್ಟರ್ ಅವರಿಗೆ ಹೇಳಿದ್ದನ್ನು ಅವರು ನಮಗೆ ಹೇಳಿದರು. ಕಾಲಿಗೆ ಇಳಿದ ರಕ್ತ ಮತ್ತೆ ಮೇಲೆ ಹತ್ತಬೇಕಾದರೆ ಮೀನಖಂಡದ ಸ್ನಾಯು ಹಿಂಡಬೇಕು. ನಡೆಯುವಾಗ ಹೆಜ್ಜೆಹೆಜ್ಜೆಗೂ ಅದು ಹಿಂಡುತ್ತದೆ. ಒಂದೇ ಕಡೆ ನಿಂತರೆ ಹಿಂಡುವುದಿಲ್ಲ, ರಕ್ತ ಕೆಳಗೇ ನಿಲ್ಲುತ್ತದೆ, ವರ್ಷಗಟ್ಟಲೆ ಹೀಗಾದರೆ ನರದೊಳಗಿನ ಕವಾಟ ಸಡಿಲ ಆಗಿ ನರ ಉಬ್ಬುತ್ತದೆ. ವೆರಿಕೋಸ್ ವೇನ್ ಅಂತಾರಲ್ಲ, ಅದು. ‘ನಿಂತು ಮಾಡುವ ಕೆಲಸ ಕಡಿಮೆ ಮಾಡಿ’ ಎಂದರಂತೆ ಡಾಕ್ಟರ್. ಇನ್ನೇನು ಕೆಲಸ ಮಾಡಲಿ ಎಂದು ಅಕ್ಕ ನಮ್ಮನ್ನು ಕೇಳಿದರು. ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಯಜಮಾನರೇ, ಗಿರಾಕಿಯ ಎದುರು ಕೂತರೆ ಮರ್ಯಾದೆ ಅಲ್ಲ ಎಂದು ನಿಮ್ಮಲ್ಲಿ ಹಲವರಿಗೆ ಅನಿಸಬಹುದು. ನಿಮ್ಮಲ್ಲಿ ವಯಸ್ಸಾದವರು ಸ್ವಲ್ಪ ನೆನಪು ಮಾಡಿಕೊಳ್ಳಿ. ನಾನು ಸಣ್ಣವಳಿದ್ದಾಗ ಚಿಕ್ಕಮ್ಮನ ಮದುವೆಯ ಜವಳಿ ತೆಗೆಯಲು ಅಜ್ಜಿಯ ಜೊತೆ ಹೋದದ್ದು ಚೆನ್ನಾಗಿ ನೆನಪಿದೆ. ಆ ಅಂಗಡಿಯಲ್ಲಿ ಕೌಂಟರ್ ಇರಲಿಲ್ಲ. ಎತ್ತರದ ಕಟ್ಟೆಯ ಹಾಗೆ ಮಾಡಿ, ಅದರ ಮೇಲೆ ಹಾಸಿಗೆ ಹಾಕಿ, ಬಿಳಿ ಬಟ್ಟೆ ಹೊದೆಸಿದ್ದರು. ಅಂಗಡಿಯವರು ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅಜ್ಜಿ ಎದುರಿನ ಬೆಂಚಿನಲ್ಲಿ ಕೂತರು. ಅವರು ಕೂತಲ್ಲಿಂದಲೇ ಸೀರೆ ತೆಗೆದು, ಸೆರಗು ಬಿಡಿಸಿ, ಅಜ್ಜಿಯ ಮಡಿಲ ಮೇಲೆ ಬರುವ ಹಾಗೆ ಹಾಸುತ್ತಿದ್ದರು. ನೀರು ಕೊಟ್ಟರು, ಮನೆಯ ಸಮಾಚಾರ ಕೇಳಿದರು, ಎರಡು ಗಂಟೆ ವ್ಯಾಪಾರ ನಡೆಯಿತು. ಯಾರಿಗೂ ಮರ್ಯಾದೆ ಕಡಿಮೆ ಆಗಲಿಲ್ಲ. ಅಂಗಡಿಯ ಕಟ್ಟೆಯೇ ಇಬ್ಬರಿಗೂ ಕೂತ್ಕೊಳ್ಳಿ ಎನ್ನುತ್ತಿತ್ತು. ಈಗಿನ ಅಂಗಡಿ ಗಿರಾಕಿಗೆ ಕುರ್ಚಿ ಹಾಕುತ್ತದೆ, ನಮಗೆ ಗೋಡೆಯಷ್ಟು ಎತ್ತರದ ಕೌಂಟರ್ ಕೊಡುತ್ತದೆ. ನಮ್ಮದೇ ಕಾಸರಗೋಡು ಸೀರೆ ಉಂಟಲ್ಲ, ಭೌಗೋಳಿಕ ಗುರುತು ಸಿಕ್ಕಿದ ಕೈಮಗ್ಗದ ಸೀರೆ, ಅದನ್ನು ನೇಯುವವರು ಮಗ್ಗದ ಎದುರು ಕೂತು ನೇಯುತ್ತಾರೆ. ಕೊಳ್ಳುವವರು ಕೂತು ಆರಿಸುತ್ತಾರೆ. ಬಿಲ್ ಹಾಕುವವರೂ ಕೂತೇ ಹಾಕುತ್ತಾರೆ. ನಡುವೆ ಅದನ್ನು ಬಿಡಿಸಿ ತೋರಿಸುವ ನಾವು ಮಾತ್ರ ಯಾಕೆ ನಿಂತಿರಬೇಕು?

ಒಮ್ಮೆ ಮಗಳ ಮದುವೆಗೆ ಸೀರೆ ತೆಗೆಯಲು ಬಂದ ಒಬ್ಬರು ಅಮ್ಮ, ನಾನು ಮೂವತ್ತು ಸೀರೆ ತೋರಿಸಿ ಆದ ಮೇಲೆ, ನನ್ನ ಕೈ ಹಿಡಿದು, ‘ನೀನೂ ಒಂಚೂರು ಕೂತ್ಕೋ ಮಗಾ, ನೀನು ಹೀಗೆ ನಿಂತೇ ಇದ್ರೆ ನಂಗೆ ಕೂತು ನೋಡ್ಲಿಕ್ಕೆ ಎಂತದೋ ಆಗ್ತದೆ’ ಎಂದರು. ಕೂರಲು ಏನೂ ಇರಲಿಲ್ಲ. ‘ಪರವಾಗಿಲ್ಲ ಅಮ್ಮ, ಅಭ್ಯಾಸ ಆಗಿದೆ’ ಎಂದೆ. ಗಿರಾಕಿಗಳಿಗೆ ಬೇಜಾರು ಎನ್ನುವ ಮಾತು ಕೇಳಿದಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಇನ್ನು ಶೌಚಾಲಯದ ಕೀಯ ವಿಷಯ. ಇದನ್ನು ಬರೆಯಲು ನಾಚಿಕೆ ಆಗುತ್ತದೆ, ಆದರೆ ಬರೆಯದಿದ್ದರೆ ನಿಮಗೆ ಗೊತ್ತಾಗುವುದೇ ಇಲ್ಲ. ನಮ್ಮ ಶೌಚಾಲಯ ಮೂರನೇ ಮಾಳಿಗೆಯಲ್ಲಿ, ಗೋಡೌನಿನ ಆಚೆ. ಅದರ ಕೀ ಕ್ಯಾಶ್ ಕೌಂಟರಿನಲ್ಲಿ. ಕೀ ಕಳೆದುಹೋಗಬಾರದು ಎಂದು ಅದಕ್ಕೆ ಮುರಿದ ಮೀಟರ್ ಕೋಲಿನ ಒಂದು ತುಂಡು ಕಟ್ಟಿದ್ದಾರೆ, ಮೊಳ ಉದ್ದದ್ದು. ಕ್ಯಾಶಿನಲ್ಲಿ ಕೂರುವವರು ಗಂಡಸರು. ಅವರ ಹತ್ತಿರ ಕೇಳಿ, ಆ ಕೋಲು ಹಿಡಿದುಕೊಂಡು, ಗಿರಾಕಿಗಳ ನಡುವೆ ನಡೆದು, ಮೂರು ಮಾಳಿಗೆ ಹತ್ತಬೇಕು. ಕೋಲನ್ನು ಸೆರಗಿನಲ್ಲಿ ಮುಚ್ಚಿದರೂ ಕಾಣುತ್ತದೆ. ಎಲ್ಲಿಗೆ ಹೋಗುತ್ತಿದ್ದಾಳೆ, ಎಷ್ಟನೇ ಸಲ ಹೋಗುತ್ತಿದ್ದಾಳೆ ಎಂದು ಎಲ್ಲರಿಗೂ ಗೊತ್ತು. ಇದರ ಪರಿಣಾಮ ಏನು ಗೊತ್ತಾ? ನಾವು ನೀರು ಕುಡಿಯುವುದಿಲ್ಲ. ಬೆಳಿಗ್ಗೆ ಮನೆಯಿಂದ ತಂದ ಒಂದು ಲೀಟರ್ ಬಾಟಲಿಯನ್ನು ಮುಕ್ಕಾಲು ಭಾಗ ಹಾಗೇ ಮನೆಗೆ ವಾಪಸ್ ತೆಗೆದುಕೊಂಡು ಹೋದ ದಿನಗಳು ಎಷ್ಟೋ. ತಿಂಗಳ ಆ ಮೂರು ನಾಲ್ಕು ದಿನ ರಜೆ ಹಾಕುವ ಹುಡುಗಿಯರಿದ್ದಾರೆ, ಸಂಬಳ ಹೋದರೂ ಪರವಾಗಿಲ್ಲ ಎಂದು. ಮೂತ್ರದ ಉರಿ, ಸೋಂಕು ನಮ್ಮಲ್ಲಿ ಬಾರದವರು ಕಡಿಮೆ.

ಅಂಗಡಿ ಹೊಸದು ಮಾಡುವಾಗ ಎರಡು ತಿಂಗಳು ವ್ಯಾಪಾರವನ್ನು ಒಂದೇ ಮಾಳಿಗೆಗೆ ಇಳಿಸಿದ್ದರು. ಕ್ಯಾಶ್ ಕೌಂಟರನ್ನು ಬಾಗಿಲ ಹತ್ತಿರ ತಂದಿದ್ದರು, ಕೀ ಇಡಲು ಅಲ್ಲಿ ಜಾಗ ಇರಲಿಲ್ಲ. ಪೇಂಟಿನವರು ಮೆಟ್ಟಿಲ ಬುಡದ ಗೋಡೆಗೆ ಒಂದು ಆಣಿ ಹೊಡೆದಿದ್ದರು, ಅವರ ಅಂಗಿ ನೇತುಹಾಕಲು. ಯಾರೋ ಕೀಯನ್ನು ಅದಕ್ಕೆ ಸಿಕ್ಕಿಸಿದರು. ಎರಡು ತಿಂಗಳು ಅದು ಅಲ್ಲೇ ಇತ್ತು. ಮೆಟ್ಟಿಲು ಹತ್ತುವಾಗ ಕೈ ಚಾಚಿ ತೆಗೆದುಕೊಳ್ಳುವುದು, ಇಳಿಯುವಾಗ ಸಿಕ್ಕಿಸುವುದು. ಕೇಳುವ ಕೆಲಸ ಇಲ್ಲ, ಹೇಳುವ ಕೆಲಸ ಇಲ್ಲ. ನಮಗೆ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಇಡುತ್ತಾರೆ. ಅಲ್ಲಿಯವರೆಗೆ ಒಂದು ಕ್ಯಾನ್ ಎರಡು ದಿನ, ಕೆಲವು ಸಲ ಮೂರು ದಿನ ಬರುತ್ತಿತ್ತು. ಆ ಎರಡು ತಿಂಗಳು ಸಂಜೆ ನಾಲ್ಕಕ್ಕೇ ಖಾಲಿ. ಕ್ಯಾನ್ ತರುವ ಹುಡುಗ ‘ಎಂತ ಅಕ್ಕ, ಇಷ್ಟು ನೀರು ಎಲ್ಲಿ ಹೋಗ್ತದೆ’ ಎಂದು ಕೇಳಿದ್ದ. ನಾವು ಕುಡಿಯುತ್ತಿದ್ದೆವು, ಅಷ್ಟೇ. ನಮಗೆ ಯಾರೂ ನೀರು ಕುಡಿಯಿರಿ ಎಂದು ಬುದ್ಧಿ ಹೇಳಿರಲಿಲ್ಲ. ಆಣಿಯ ಜಾಗ ಬದಲಾಗಿತ್ತು. ಕೆಲಸ ಮುಗಿದು ಕೀ ಮತ್ತೆ ಕ್ಯಾಶ್ ಕೌಂಟರಿಗೆ ಹೋಯಿತು. ಕ್ಯಾನ್ ಮತ್ತೆ ಮೂರು ದಿನ ಬರತೊಡಗಿತು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ನನಗೆ ಗೊತ್ತು. ಹೊಸ ಗೋಡೆಗೆ ಆಣಿ ಹೊಡೆದರೆ ಚಂದ ಹಾಳಾಗುತ್ತದೆ ಎಂದು ತೆಗೆದರು. ಆದರೆ ಇಪ್ಪತ್ತೆರಡು ಹೆಂಗಸರ ಆರೋಗ್ಯ ಒಂದು ಆಣಿಯ ಮೇಲೆ ನಿಂತಿತ್ತು ಎನ್ನುವುದು ನಿಮಗೆ ತಿಳಿಯಬೇಕು ಎಂದೇ ಇಷ್ಟು ಉದ್ದ ಬರೆದೆ.

ಇದು ನಮ್ಮೊಬ್ಬರ ಗೋಳಲ್ಲ. ಕಲ್ಲಿಕೋಟೆಯ ಮಿಠಾಯಿ ಬೀದಿಯ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಂಗಸರು ಮೊದಲು ಒಟ್ಟಾದದ್ದು ಶೌಚಾಲಯಕ್ಕಾಗಿಯೇ. ಅಲ್ಲಿ ಟೈಲರ್ ಕೆಲಸ ಮಾಡುತ್ತಿದ್ದ ವಿಜಿ ಎಂಬವರು ‘ಪೆಣ್‌ಕೂಟ್’ ಎಂಬ ಹೆಂಗಸರ ಗುಂಪು ಕಟ್ಟಿದರು. ಆಮೇಲೆ ಕೂರುವ ಹಕ್ಕಿನ ಮಾತು ಬಂತು. 2014ರ ಕೊನೆಗೆ ತೃಶೂರಿನ ಒಂದು ಸೀರೆ ಅಂಗಡಿಯ ಹೆಂಗಸರು ಇದೇ ವಿಷಯಕ್ಕೆ ಮುಷ್ಕರ ಕೂತರು, ನೂರಕ್ಕೂ ಹೆಚ್ಚು ದಿನ. ಆಗ ನಾನು ಕೆಲಸಕ್ಕೆ ಹೊಸಬಳು. ಕೂರಲಿಕ್ಕೆ ಮುಷ್ಕರ ಮಾಡುವುದಾ ಎಂದು ಆಶ್ಚರ್ಯ ಆಗಿತ್ತು. ಕೊನೆಗೆ 2018ರ ಅಕ್ಟೋಬರಿನಲ್ಲಿ ಕೇರಳ ಸರ್ಕಾರ ಸುಗ್ರೀವಾಜ್ಞೆ ತಂದು, 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ಕೂರುವ ಹಕ್ಕನ್ನು ಸೇರಿಸಿತು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ಕಾರ್ಖಾನೆಯಲ್ಲಿ ನಿಂತು ಕೆಲಸ ಮಾಡುವವರಿಗೆ ಸಂದು ಸಿಕ್ಕಾಗ ಕೂರಲು ಆಸನ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಅಂಗಡಿಯ ಹೆಂಗಸರ ಕಾಲಿಗೂ ನೋವಾಗುತ್ತದೆ ಎಂದು ಒಪ್ಪಿಕೊಳ್ಳಲು ಇನ್ನೂ 70 ವರ್ಷ ಬೇಕಾಯಿತು.

ಕೇರಳದ ಆ ತಿದ್ದುಪಡಿಯಲ್ಲಿ ಏನಿದೆ ಎಂದು ದಯವಿಟ್ಟು ಇನ್ನೊಮ್ಮೆ ಓದಿ. ಅಂಗಡಿಯಲ್ಲಿ ಸ್ಟೂಲ್ ಇರಬೇಕು ಎಂದಷ್ಟೇ ಹೇಳಿ ಅದು ಬಿಟ್ಟಿಲ್ಲ. ಎಲ್ಲ ಕೆಲಸಗಾರರಿಗೂ ತಕ್ಕ ಆಸನದ ವ್ಯವಸ್ಥೆ ಇರಬೇಕು, ಕೆಲಸದ ನಡುವೆ ಕೂರುವ ಅವಕಾಶ ಬಂದಾಗೆಲ್ಲ ಅವರು ಕೂರುವಂತಿರಬೇಕು, ಇಡೀ ದಿನ ಕಾಲ ಮೇಲೇ ಇರುವ ಸ್ಥಿತಿ ತಪ್ಪಬೇಕು. ಇಷ್ಟು ಹೇಳುತ್ತದೆ. ತಕ್ಕ ಆಸನ ಎಂದರೆ ಕೌಂಟರಿಗೆ ತಕ್ಕದ್ದು, ಅಲ್ವಾ? ಅವಕಾಶ ಬಂದಾಗ ಎಂದರೆ ಗಿರಾಕಿ ಇಲ್ಲದ ಆ ಹತ್ತು ನಿಮಿಷದಲ್ಲಿ, ನಿಂತಲ್ಲೇ. ಗೋಡೌನಿನ ಬಾಗಿಲ ಹಿಂದೆ ಅಲ್ಲ.

ಆ ಕಾಯ್ದೆಯ ಒಂದು ಪ್ರತಿ ನಮ್ಮ ಅಂಗಡಿಯ ಗೋಡೆಯಲ್ಲೂ ಇದೆ. ಫ್ಯೂಸ್ ಬಾಕ್ಸಿನ ಪಕ್ಕ, ಕತ್ತಲೆಯಲ್ಲಿ, ಮಲಯಾಳದಲ್ಲಿ. ನಾನು ಕನ್ನಡ ಮಾಧ್ಯಮದಲ್ಲಿ ಕಲಿತವಳು. ಮಲಯಾಳ ಚೆನ್ನಾಗಿ ಮಾತಾಡುತ್ತೇನೆ, ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ನಮ್ಮಲ್ಲಿ ಅರ್ಧದಷ್ಟು ಹೆಂಗಸರು ಹಾಗೇ. ಗಿರಾಕಿಗಳಿಗೆ ಡಿಸ್ಕೌಂಟ್ ಇದ್ದರೆ ಬಾಗಿಲಲ್ಲೇ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ದೊಡ್ಡ ಬ್ಯಾನರ್ ಬರುತ್ತದೆ. ತುಂಬ ಸಂತೋಷ. ಹಾಗೇ ನಮ್ಮ ಹಕ್ಕಿನ ಕಾಗದವನ್ನೂ ಒಂದು ಹಾಳೆ ಕನ್ನಡದಲ್ಲಿ ಹಾಕಬಹುದಲ್ಲ. ಅಧಿಕಾರಿಗಳೇ, ಇದನ್ನು ನಿಮಗೂ ಹೇಳುತ್ತಿದ್ದೇನೆ. ಇಲ್ಲಿನ ಕನ್ನಡದವರು ಸರ್ಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸಬಹುದು ಎಂದು ಕೇರಳದ 1969ರ ಭಾಷಾ ಕಾಯ್ದೆಯಲ್ಲೇ ಹೇಳಿದ್ದಾರೆ. ನಾನು ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದೂ ಆ ಧೈರ್ಯದಿಂದಲೇ. ನಮ್ಮ ಹಕ್ಕಿನ ಸೂಚನೆಯನ್ನು ಇಲಾಖೆಯೇ ಕನ್ನಡದಲ್ಲಿ ಅಚ್ಚು ಹಾಕಿಸಿ ಅಂಗಡಿಗಳಿಗೆ ಕೊಟ್ಟರೆ ಎಷ್ಟು ಉಪಕಾರ ಆಗುತ್ತದೆ.

ಊಟದ ಜಾಗದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗೋಡೌನಿನಲ್ಲಿ ಬಟ್ಟೆಯ ಕಟ್ಟುಗಳ ಮೇಲೆ ಕೂತು ಡಬ್ಬಿ ಬಿಚ್ಚುತ್ತೇವೆ, ಅನ್ನಕ್ಕೆ ನುಸಿಗುಳಿಗೆಯ ವಾಸನೆ ಹತ್ತಿರುತ್ತದೆ. ಗೋಡೌನಿನಿಂದ ಹೊರಗೆ ಬರುವಲ್ಲಿ ಒಂದು ಕನ್ನಡಿ ಇದೆ. ಅದರ ಮೇಲೆ ‘ನಿಮ್ಮ ಮುಖದಲ್ಲಿ ನಗು ಇದೆಯೇ’ ಎಂಬರ್ಥದ ಸ್ಟಿಕ್ಕರ್. ನಾವು ನಗುತ್ತೇವೆ, ಅದಕ್ಕೇನೂ ಬೇಸರ ಇಲ್ಲ. ಈ ಕೆಲಸ ನನಗೆ ಇಷ್ಟ. ಒಂದು ಸೀರೆಯನ್ನು ಬಿಡಿಸಿದಾಗ ಹುಡುಗಿಯೊಬ್ಬಳ ಮುಖ ಅರಳುವುದು ಉಂಟಲ್ಲ, ಅದನ್ನು ನೋಡಲು ನನಗೆ ಈಗಲೂ ಖುಷಿ. ಆ ಕನ್ನಡಿಯ ಪಕ್ಕ ಒಂದು ಬೆಂಚ್ ಹಾಕಿದರೆ ನಗು ಸುಲಭವಾಗಿ ಬರುತ್ತದೆ.

ಕೂರಲು ಬಿಟ್ಟರೆ ಸೋಮಾರಿಗಳಾಗುತ್ತಾರೆ ಎನ್ನುವವರೂ ಇದ್ದಾರೆ. ನನ್ನ ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವರು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೆಳಿಗ್ಗೆಯಿಂದ ಸಂಜೆವರೆಗೆ ಕೂತೇ ಕೆಲಸ. ಅವರಷ್ಟು ದುಡಿದವರನ್ನು ನಾನು ನೋಡಿಲ್ಲ. ಕಣ್ಣೂರಿನ ಕಡೆ ಬೀಡಿ ಕಂಪೆನಿಗಳಲ್ಲಿ ಸಾಲಾಗಿ ಕೂತು ಕಟ್ಟುವವರ ನಡುವೆ ಒಬ್ಬರು ಗಟ್ಟಿಯಾಗಿ ಪೇಪರ್ ಓದುತ್ತಿದ್ದರಂತೆ. ಕೈ ಕೆಲಸ ಮಾಡುತ್ತಿತ್ತು, ಕಿವಿಗೆ ಲೋಕದ ಸುದ್ದಿ. ಓದುವವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿ ಕೊಡುತ್ತಿದ್ದರು. ಕೂತು ಕೆಲಸ ಮಾಡಿದವರು ಯಾರೂ ಸೋಮಾರಿಗಳಾಗಲಿಲ್ಲ. ಹಾಗೆಂದು ಇಡೀ ದಿನ ಕೂರುವುದೂ ಒಳ್ಳೆಯದಲ್ಲ, ಅಮ್ಮನ ಬೆನ್ನು ನೋಡಿ ನನಗೆ ಗೊತ್ತು. ನಾವು ದಿನವಿಡೀ ಕೂರುತ್ತೇವೆ ಎಂದು ಕೇಳುತ್ತಿಲ್ಲ. ಓಣಂ, ಪೆರ್ನಾಳ್ (ಈದ್) ಸಮಯದಲ್ಲಿ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ, ಆಗ ನಾವಾಗಿಯೇ ಓಡಾಡುತ್ತೇವೆ. ಜೂನ್, ಜುಲೈ ತಿಂಗಳ ಮಳೆಯಲ್ಲಿ ಮಧ್ಯಾಹ್ನವಿಡೀ ಒಬ್ಬ ಗಿರಾಕಿಯೂ ಬಾರದ ದಿನಗಳಿವೆ. ಆ ದಿನವೂ ಇಪ್ಪತ್ತೆರಡು ಜನ ಖಾಲಿ ಅಂಗಡಿಯಲ್ಲಿ ಗೊಂಬೆಗಳ ಹಾಗೆ ನಿಂತಿರುತ್ತೇವಲ್ಲ, ಅದರಿಂದ ಯಾರಿಗೆ ಏನು ಲಾಭ ಎಂದು ನೀವೇ ಯೋಚಿಸಿ.

ಈಗ ಕೇಳಿಕೊಳ್ಳುವುದು ಇಷ್ಟು. ಪ್ರತಿ ಸೆಕ್ಷನ್ನಿಗೆ, ಕೌಂಟರಿನ ಒಳಬದಿಯಲ್ಲಿ, ಎರಡೂವರೆ ಅಡಿ ಎತ್ತರದ, ಕಾಲಿಡಲು ಅಡ್ಡಪಟ್ಟಿ ಇರುವ ಸ್ಟೂಲ್ ಹಾಕಿಸಿ. ಅದರ ಮೇಲೆ ಕೂತರೆ ಗಿರಾಕಿಗೆ ನಮ್ಮ ಮುಖ ಕಾಣುತ್ತದೆ, ಸೀರೆ ಬಿಡಿಸಲೂ ಕೈ ಸಿಗುತ್ತದೆ. ಅದು ಅಲ್ಲೇ ಇರಲಿ, ಯಾರೂ ಎತ್ತಿ ಒಳಗೆ ಇಡುವುದು ಬೇಡ. ಮುಂದೆ ಯಾರಾದರೂ ಅಂಗಡಿ ಹೊಸದು ಮಾಡಿಸುವಾಗ, ಡಿಸೈನ್ ಮಾಡುವವರು ಬಂದು ಅಳತೆ ತೆಗೆಯುವ ದಿನ, ಅಲ್ಲಿ ನಿಲ್ಲುವ ಒಬ್ಬಳನ್ನೂ ಕರೆದು ಕೇಳಿ. ಲೈಟ್ ಎಲ್ಲಿ ಬೇಕು, ಹಲಗೆ ಎಷ್ಟು ಚಾಚಬೇಕು ಎಂದು ನಮಗೂ ಗೊತ್ತು. ಟೈಲ್ಸ್ ತೆಗೆಯುವುದು ಬೇಡ, ಕೌಂಟರಿನ ಒಳಗೆ ಒಂದು ರಬ್ಬರ್ ಮ್ಯಾಟ್ ಹಾಕಿದರೆ ಸಾಕು, ಹೊರಗಿನವರಿಗೆ ಅದು ಕಾಣುವುದೂ ಇಲ್ಲ. ಕೀಯನ್ನು ಮೆಟ್ಟಿಲ ಬುಡಕ್ಕೆ ತನ್ನಿ, ಕೋಲು ಬಿಚ್ಚಿಸಿ. ಅಂಗಡಿಯೊಳಗಿನ ಸಿಸಿಟಿವಿ ಕ್ಯಾಮೆರಾ ತೆಗೆಯಿರಿ ಎಂದು ಹೇಳುವುದಿಲ್ಲ, ಕಳವಿನ ಭಯ ನಿಮಗೂ ಇರುತ್ತದೆ. ಆದರೆ ನಾವು ಒಬ್ಬೊಬ್ಬರೂ ಕಾಣುವ ಆ ಟಿವಿಯನ್ನು ಗಿರಾಕಿಗಳಿಗೂ ಕಾಣುವ ಹಾಗೆ ಕ್ಯಾಶ್ ಕೌಂಟರಿನ ಮೇಲೆ ತಿರುಗಿಸಿ ಇಡುವುದು ಬೇಡ. ಒಂದು ಕಡೆ ಕೂತದ್ದನ್ನು ಇಡೀ ಪೇಟೆ ನೋಡುವ ಹಾಗಿದ್ದರೆ ಯಾರು ಕೂರುತ್ತಾರೆ?

ಇನ್ನೊಂದು ವಿನಂತಿ ಯಜಮಾನರಿಗೆ ಮಾತ್ರ. ಹೊಸ ಸ್ಟೂಲ್ ಬಂದ ಮೊದಲ ದಿನ ನೀವೇ ಫ್ಲೋರಿಗೆ ಬಂದು, ನಮ್ಮ ಸೂಪರ್‌ವೈಸರ್ ಎದುರು, ಒಂದು ಹತ್ತು ನಿಮಿಷ ಅದರ ಮೇಲೆ ಕೂರಿ. ಸುಮ್ನೆ ಕೂರಿ, ಏನೂ ಹೇಳಬೇಡಿ. ನೀವು ಕೂತ ಜಾಗದಲ್ಲಿ ನಮಗೆ ಕೂರಲು ಆಮೇಲೆ ಯಾರ ಮುಖವನ್ನೂ ನೋಡಬೇಕಾಗುವುದಿಲ್ಲ.

ಅಧಿಕಾರಿಗಳೇ, ನೀವು ಬರುವ ದಿನ ಅಂಗಡಿಗೆ ಮೊದಲೇ ಗೊತ್ತಾಗಿರುತ್ತದೆ. ಆ ದಿನ ನಾಲ್ಕೂ ಸ್ಟೂಲ್ ಹೊರಗೆ ಬಂದಿರುತ್ತವೆ. ನೀವು ಎಣಿಸಿ, ಪುಸ್ತಕದಲ್ಲಿ ಬರೆದುಕೊಂಡು, ಹೋಗುತ್ತೀರಿ. ಮುಂದಿನ ಸಲ ಎಣಿಸುವ ಮೊದಲು ಸ್ಟೂಲಿನ ಮೇಲೆ ಒಮ್ಮೆ ಬೆರಳು ಆಡಿಸಿ ನೋಡಿ, ಧೂಳು ಎಷ್ಟಿದೆ ಎಂದು. ಅದನ್ನು ಕೌಂಟರಿನ ಹಿಂದೆ ಇಟ್ಟು ನೀವೇ ಕೂತು, ಎದುರಿಗೆ ಬಂದವರು ಕಾಣುತ್ತಾರಾ ನೋಡಿ. ನೀರಿನ ಕ್ಯಾನ್ ಎಷ್ಟು ದಿನಕ್ಕೆ ಒಂದು ಬರುತ್ತದೆ ಎಂದು ಕೇಳಿ. ಕೀ ಎಲ್ಲಿದೆ ಎಂದು ಕೇಳಿ. ನಮ್ಮನ್ನು ಯಜಮಾನರ ಎದುರು ಪ್ರಶ್ನೆ ಕೇಳಬೇಡಿ, ಎಲ್ಲರೂ ‘ತೊಂದರೆ ಏನೂ ಇಲ್ಲ ಸರ್’ ಎನ್ನುತ್ತೇವೆ. ನಾನೂ ಹಾಗೇ ಹೇಳಿದ್ದೇನೆ, ಎರಡು ಸಲ. ಆ ಸುಳ್ಳಿಗೆ ಇವತ್ತಿಗೂ ಬೇಜಾರಿದೆ, ಈ ಪತ್ರ ಬರೆಯಲು ಅದೂ ಒಂದು ಕಾರಣ.

ಇನ್ನು ಸ್ವಲ್ಪ ದಿನದಲ್ಲಿ ಓಣಂ ವ್ಯಾಪಾರ ಶುರುವಾಗುತ್ತದೆ. ಅದಕ್ಕೆ ಮುಂಚೆ ಸ್ಟೂಲಿನ ಕೆಲಸ ಆಗದಿದ್ದರೂ ಕೀಯ ಕೆಲಸ ಆಗಬಹುದು. ಅದಕ್ಕೆ ಬೇಕಾದದ್ದು ಒಂದು ಆಣಿ.

ಇಂತಿ ನಮಸ್ಕಾರಗಳು,
ಕಾಸರಗೋಡಿನ ಒಂದು ಬಟ್ಟೆ ಅಂಗಡಿಯ ಸೀರೆ ಸೆಕ್ಷನ್ನಿನವಳು